ಉರುಕುಂದದ ಹಾದಿಯ ಹೂವು: ಕೊಳ್ಳೋಣವೇ, ಬಿಡೋಣವೇ?

ಶ್ರಾವಣ ಬಂತೆಂದರೆ ಉರುಕುಂದದ ಈರಣ್ಣಸ್ವಾಮಿಯ ಸನ್ನಿಧಿಗೆ ಆಂಧ್ರ, ಕರ್ನಾಟಕ, ತೆಲಂಗಾಣಗಳ ಭಕ್ತರು ಸಾಗರದಂತೆ ಬರುತ್ತಾರೆ. ಸೋಮವಾರ, ಗುರುವಾರಗಳಲ್ಲಿ ಜನ ಇನ್ನೂ ಹೆಚ್ಚು. ಬಯಲಲ್ಲೇ ಒಲೆ ಹೂಡಿ, ಹೋಳಿಗೆ ಮಾಡಿ ಎಡೆ ಕೊಡುವವರ ಕೈಯಲ್ಲಿ ತೆಂಗಿನಕಾಯಿಯ ಜೊತೆ ಹೂವು ಇದ್ದೇ ಇರುತ್ತದೆ. ಜಾತ್ರೆ ಮುಗಿದರೂ ಹೂವಿನ ಖರ್ಚು ಮುಗಿಯುವುದಿಲ್ಲ. ಶುಕ್ರವಾರದ ಪೂಜೆ, ಸೀಮಂತ, ಗೃಹಪ್ರವೇಶ, ಶಾಲೆಯ ಸನ್ಮಾನ, ಹಬ್ಬದ ದಿನ ಮನೆಗೆ ಬಂದ ಹೆಣ್ಣುಮಕ್ಕಳ ಉಡಿ, ಎಲ್ಲಕ್ಕೂ ಹೂವು ಬೇಕು. ಹೀಗೆ ಹೂವು ಕೊಂಡು ಕೊಡುವುದು ನಡೆಯಬೇಕೇ ಎಂಬ ಪ್ರಶ್ನೆಗೆ ಇಲ್ಲಿ ಇಬ್ಬರು ಉತ್ತರಿಸಿದ್ದಾರೆ. ಒಬ್ಬರು ಆದೋನಿಯ ಹೂವಿನ ವ್ಯಾಪಾರದ ಮನೆಯ ಹೆಣ್ಣುಮಗಳು. ಇನ್ನೊಬ್ಬರು ಕೌತಾಳಂ ಕಡೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು.

ಪರ: ಕೊಳ್ಳಿ, ಹಬ್ಬಕ್ಕೆ ಮಾತ್ರವಲ್ಲ, ದಿನವೂ ಕೊಳ್ಳಿ

ನಮ್ಮದು ಹತ್ತಿಯ ಸೀಮೆ, ಶೇಂಗಾದ ಸೀಮೆ. ಆದೋನಿಯ ಹತ್ತಿ ಮಾರುಕಟ್ಟೆಗೆ ದೊಡ್ಡ ಹೆಸರಿದೆ. ಆದರೆ ಹತ್ತಿಯ ರೊಕ್ಕ ಬರುವುದು ವರ್ಷಕ್ಕೊಮ್ಮೆ. ಬಂದದ್ದು ಬೀಜ-ಗೊಬ್ಬರದ ಸಾಲಕ್ಕೆ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಹಳ್ಳಿಗಳಿಂದ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಜನ ಗುಳೆ ಹೋಗುತ್ತಾರೆ. ಮಕ್ಕಳೂ ಶಾಲೆ ಬಿಟ್ಟು ತಾಯಿತಂದೆಯ ಬೆನ್ನು ಹತ್ತುತ್ತಾರೆ. ಇಂಥ ಕಡೆ ಒಂದು ತುಂಡು ಹೊಲದಲ್ಲಿ ಕಾಕಡವೋ ಕನಕಾಂಬರವೋ ಹಾಕಿಕೊಂಡ ಮನೆಗೆ ದಿನಾ ಬೆಳಿಗ್ಗೆ ನಾಲ್ಕು ಕಾಸು ಬರುತ್ತದೆ. ಆ ಕಾಸು ಬಹುಪಾಲು ಹೆಂಗಸಿನ ಕೈಗೇ ಬರುತ್ತದೆ. ಬಿಡಿಸುವವಳು ಹೆಣ್ಣು, ಕಟ್ಟುವವಳು ಹೆಣ್ಣು, ಬುಟ್ಟಿ ಇಟ್ಟುಕೊಂಡು ಮಾರುವವಳೂ ಹೆಣ್ಣು. ಬೇರೆ ಯಾವ ಬೆಳೆಯಲ್ಲಿ ಹೀಗಿದೆ, ಹೇಳಿ.

ಈ ಕೆಲಸ ಹೇಗೆ ನಡೆಯುತ್ತದೆಂದು ಹತ್ತಿರ ಕೂತು ನೋಡಬೇಕು. ಮಲ್ಲಿಗೆಯನ್ನು ಅರಳಿದ ಮೇಲೆ ಬಿಡಿಸಿದರೆ ಪ್ರಯೋಜನವಿಲ್ಲ. ಬಿಸಿಲೇರುವ ಮೊದಲೇ, ಸಂಜೆ ಬಿರಿಯಲಿರುವ ಬಲಿತ ಮೊಗ್ಗನ್ನು ಗುರುತಿಸಿ ಬಿಡಿಸಬೇಕು. ಎಳೆಯದನ್ನು ಕಿತ್ತರೆ ಅದು ಬಿರಿಯುವುದೇ ಇಲ್ಲ, ಬಲಿತದ್ದನ್ನು ಬಿಟ್ಟರೆ ನಾಳೆಗೆ ಉದುರಿರುತ್ತದೆ. ಕಟ್ಟುವುದು ಇನ್ನೊಂದು ವಿದ್ಯೆ. ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಎರಡು ಮೊಗ್ಗು ಆಚೆ, ಎರಡು ಈಚೆ ತೊಟ್ಟು ಕೂಡಿಸಿ ಹಿಡಿದು, ಬಲಗೈಯಲ್ಲಿ ದಾರ ಸುತ್ತಿ ಕುಣಿಕೆ ಎಳೆಯಬೇಕು. ಸಡಿಲಾದರೆ ಹೂವು ಜಾರುತ್ತದೆ, ಬಿಗಿಯಾದರೆ ತೊಟ್ಟು ಕತ್ತರಿಸುತ್ತದೆ. ಹಳೆಯ ಕೈಗಳು ಮಾತಾಡುತ್ತಲೇ, ಕಣ್ಣು ಹಾಯಿಸದೆ ಮಾರುಗಟ್ಟಲೆ ಕಟ್ಟುತ್ತವೆ. ಅಂಗಡಿಯಲ್ಲಿ ಮೊಳ ಅಳೆದು ಕತ್ತರಿಸಿ ಕೊಟ್ಟಾಗ ಕೊಳ್ಳುವವರು ಹೂವಿನ ಬೆಲೆ ಕೇಳುತ್ತಾರೆ. ಆ ಬೆಲೆಯೊಳಗೆ ಕಟ್ಟಿದವಳ ಕೂಲಿಯೂ ಇದೆ ಎಂಬುದು ನೆನಪಿಗೆ ಬರುವುದಿಲ್ಲ.

ನಮ್ಮ ಬುಟ್ಟಿಗೆ ಹಡಗಲಿಯ ಮಲ್ಲಿಗೆ ಬಂದ ದಿನ ಗಿರಾಕಿಗಳು ಪರಿಮಳ ಹಿಡಿದೇ ಕೇಳಿಕೊಂಡು ಬರುತ್ತಾರೆ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಹೂವು ಅದು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರುವ ತನಕ ಆದೋನಿಯೂ ಹಡಗಲಿಯೂ ಒಂದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಗಡಿ ಬಂದಮೇಲೆ ಶಾಲೆಯ ಭಾಷೆ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಹೂವಿನ ವ್ಯಾಪಾರ ಮಾತ್ರ ಎರಡೂ ಭಾಷೆಯಲ್ಲಿ ನಡೆದುಕೊಂಡು ಬಂದಿದೆ.

ಹೂವು ಬೇಡ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಬೇಡ ಎಂದಮೇಲೆ ಬಾಗಿಲಿಗೆ ಏನು ಕಟ್ಟುತ್ತೀರಿ? ಬರಿಯ ಮಾವಿನ ತೋರಣ ಕಟ್ಟಿದರೆ ಸಂತೋಷ. ಆದರೆ ಹಾಗೆ ಆಗುತ್ತಿಲ್ಲ. ಹಸಿ ಹೂವು ಬಿಟ್ಟ ಮನೆಗೆ ಪ್ಲಾಸ್ಟಿಕ್ ಚೆಂಡುಹೂವಿನ ಸರ ಬಂದು ಕೂರುತ್ತದೆ. 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಅಲಂಕಾರದ ಥರ್ಮಾಕೋಲ್ ಆ ಪಟ್ಟಿಯಲ್ಲಿತ್ತು, ಪ್ಲಾಸ್ಟಿಕ್ ಹೂವು ಇರಲಿಲ್ಲ. ಹೂವಿನ ರೈತ ಇವತ್ತು ಸೋಲುತ್ತಿರುವುದು ಆ ಬಾಡದ ಹೂವಿನ ಎದುರು.

2021ರ ಆಗಸ್ಟ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಸರ್ಕಾರ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶಿಸಿತು. ಪುಸ್ತಕದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದು ಯಾವ ಕಾಲ? 2020ರ ಲಾಕ್‌ಡೌನಿನಲ್ಲಿ ಗುಡಿಗಳ ಬಾಗಿಲು ಹಾಕಿ, ಮದುವೆಗಳು ನಿಂತು, ಅರಳಿದ ತೋಟಗಳನ್ನೇ ರೈತರು ಉತ್ತು ಮಣ್ಣುಪಾಲು ಮಾಡಿದ್ದರು. ಆ ಪೆಟ್ಟಿನಿಂದ ಏಳುವ ಮೊದಲೇ ಸರ್ಕಾರದ ಕೈಯಿಂದ ಇನ್ನೊಂದು ಪೆಟ್ಟು ಬಿತ್ತು. ಬೆಳೆಗಾರರು ಆಕ್ಷೇಪಿಸಿದ್ದರಲ್ಲಿ ತಪ್ಪೇನಿದೆ?

ಕೊಡುವ ಮಾತಿಗೆ ಬಂದರೆ, ಹೂವಿನಷ್ಟು ಹಗುರಾದ ಉಡುಗೊರೆ ಇನ್ನೊಂದಿಲ್ಲ. ಮದುವೆಯಲ್ಲಿ ಕೊಟ್ಟ ಪಾತ್ರೆ, ಸೀರೆ, ರೊಕ್ಕ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಾರೆ. ನಾಳೆ ಅದು ಮುಯ್ಯಿಯಾಗಿ ತಿರುಗಿ ಬರಬೇಕು, ಇಲ್ಲದಿದ್ದರೆ ಮಾತು ಬರುತ್ತದೆ. ಒಂದು ಮೊಳ ಹೂವನ್ನು ಯಾರೂ ಬರೆದಿಡುವುದಿಲ್ಲ. ಬಡವಳು ಕೊಟ್ಟ ಹೂವನ್ನು ಸಾಹುಕಾರಳು ಮುಡಿಯುತ್ತಾಳೆ, ಸಾಹುಕಾರಳು ಕೊಟ್ಟದ್ದನ್ನು ಬಡವಳು ಮುಡಿಯುತ್ತಾಳೆ. ಸಂಜೆಗೆ ಎರಡೂ ಬಾಡುತ್ತವೆ, ಋಣ ಯಾರ ಮೇಲೂ ಉಳಿಯುವುದಿಲ್ಲ.

ವಿರೋಧ: ಎಲೆ ಸಾಕು, ಅಂಗಳದ ಹೂವು ಸಾಕು

ತಂಗಿ ಹೇಳಿದ ದುಡಿಮೆಯ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಯಾರದೋ ಹೊಟ್ಟೆ ತುಂಬುತ್ತದೆ ಎನ್ನುವುದೊಂದೇ ಕಾರಣಕ್ಕೆ ಒಂದು ಖರ್ಚನ್ನು ಸರಿ ಎನ್ನಲಾಗದು. ಪಟಾಕಿಯಿಂದಲೂ ಹೊಟ್ಟೆ ತುಂಬುತ್ತದೆ.

ಹೂವಿನ ಬೆಲೆ ಯಾವಾಗ ಏರುತ್ತದೆ ನೋಡಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಕೇಳುವವರಿಲ್ಲ. ವರಮಹಾಲಕ್ಷ್ಮಿಯ ಹಿಂದಿನ ದಿನ, ಆಯುಧಪೂಜೆಯ ಹಿಂದಿನ ದಿನ ಮುಟ್ಟಿದರೆ ಸುಡುವ ಬೆಲೆ. ಕೂಲಿಯ ಮನೆಯವರು ಕೊಳ್ಳುವುದು ಆ ದಿನವೇ. ತೀರ ದುಬಾರಿಯಾದ ಹೊತ್ತಿನಲ್ಲಿ, ಕೊಳ್ಳದಿದ್ದರೆ ಹಬ್ಬ ಕೆಟ್ಟಿತೆಂಬ ಅಂಜಿಕೆಯಿಂದ ಕೊಳ್ಳುತ್ತಾರೆ. ಆ ರೊಕ್ಕದಲ್ಲಿ ಮನೆಗೆ ಬೇಳೆ ಬರುತ್ತಿತ್ತು, ಮಗುವಿಗೆ ನೋಟ್‌ಬುಕ್ ಬರುತ್ತಿತ್ತು. ಈ ಅಂಜಿಕೆಯನ್ನು ದೇವರು ಹಾಕಿದ್ದಲ್ಲ. ತಿರುಮಲೆಗೆ ಹೋಗುವ ಹೆಣ್ಣುಮಕ್ಕಳು ಅಲ್ಲಿ ಹೂವು ಮುಡಿಯುವುದಿಲ್ಲ. ಬೆಟ್ಟದ ಹೂವೆಲ್ಲ ಸ್ವಾಮಿಗೇ ಸಲ್ಲಬೇಕೆಂಬ ನಿಯಮ. ಮುಡಿಯದೆ ಹೋದದ್ದಕ್ಕೆ ಯಾರ ಭಕ್ತಿಯೂ ಕುಂದಿಲ್ಲ. ಶಿವನಿಗೆ ಒಂದು ಪತ್ರಿ ಸಾಕು, ಮಂತ್ರಾಲಯದ ರಾಯರಿಗೆ ತುಳಸಿ ಸಾಕು. ಈರಣ್ಣಸ್ವಾಮಿ ನೆಲೆಸಿದ್ದು ಅರಳಿ ಮರದ ಬುಡದಲ್ಲಿ ಎಂದೇ ನಮ್ಮ ಹಿರಿಯರು ಹೇಳುತ್ತಾರೆ.

ಹಿಂದೆ ಈ ಸೀಮೆಯ ಎಷ್ಟೋ ಊರುಗಳಲ್ಲಿ ಹೂಗಾರರ ಮನೆಯವರು ಬೆಳಿಗ್ಗೆ ಮನೆಮನೆಗೆ ಪತ್ರಿ, ಹೂವು ಕೊಟ್ಟು ಹೋಗುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದ ಅವರಿಗೆ ಆಯದ ಕಾಳು ಸಲ್ಲುತ್ತಿತ್ತು. ಹನ್ನೆರಡನೆಯ ಶತಮಾನದ ಶರಣ ಹೂಗಾರ ಮಾದಯ್ಯನವರ ಕಾಯಕವೂ ಅದೇ. ಊರಿನ ಗಿಡದಿಂದ ಊರಿನ ದೇವರಿಗೆ ಆ ಹೂವು ಸಲ್ಲುತ್ತಿತ್ತು. ಈಗ ಹಾಗಲ್ಲ. ಸೇವಂತಿಗೆ ಹಗಲು ಕಿರಿದಾದಾಗ ಮೊಗ್ಗು ಹಿಡಿಯುವ ಗಿಡ. ಬೇಗ ಮೊಗ್ಗಾಗದೆ ಬೇಕಾದ ಎತ್ತರ ಬೆಳೆಯಲೆಂದು ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊಲದ ತುಂಬ ಬಲ್ಬು ಉರಿಸುತ್ತಾರೆ. ಮಲ್ಲಿಗೆಗೆ ಮೊಗ್ಗು ಕೊರೆಯುವ ಹುಳುವಿನ ಕಾಟ, ಅದಕ್ಕೆ ಔಷಧಿ ಹೊಡೆಯಲೇಬೇಕು. ಹೂವನ್ನು ತಿನ್ನುವುದಿಲ್ಲವಲ್ಲ ಎಂದು ಎಷ್ಟು ಹೊಡೆದರೆಂದು ಯಾರೂ ಕೇಳುವುದಿಲ್ಲ. ಆದರೆ ಬರಿಗೈಯಲ್ಲಿ ಬಿಡಿಸುವವಳು, ದಿನವಿಡೀ ಬೆರಳಲ್ಲಿ ಹಿಡಿದು ಕಟ್ಟುವವಳು ತಂಗಿ ಹೇಳಿದ ಆ ಹೆಣ್ಣುಮಗಳೇ ಅಲ್ಲವೇ?

ಪೂಜೆ ಮುಗಿದ ಹೂವನ್ನು ತುಳಿಯಬಾರದೆಂದು ಹರಿಯುವ ನೀರಿಗೆ ಬಿಡುತ್ತೇವೆ. ಹಿಂದಿನ ಹೂವಿಗೆ ಬಾಳೆನಾರಿನ ದಾರ. ಇವತ್ತಿನದಕ್ಕೆ ನೈಲಾನ್ ದಾರ, ಮೇಲೆ ಜರಿ, ಸುತ್ತ ಪ್ಲಾಸ್ಟಿಕ್ ಚೀಲ. ಎಲ್ಲವನ್ನೂ ಸೇರಿಸಿಯೇ ಕಾಲುವೆಗೆ ಎಸೆಯುತ್ತೇವೆ. ಹೊಸಪೇಟೆಯ ಅಣೆಕಟ್ಟಿನಿಂದ ಅಷ್ಟು ದೂರ ಹರಿದು ಬಂದ ತುಂಗಭದ್ರೆಯ ನೀರು ಈ ಒಣ ಸೀಮೆಯ ಜೀವ. ಅದರೊಳಗೆ ಕೊಳೆತ ಹಾರ ಬಿಟ್ಟು ಕೈಮುಗಿಯುವುದು ಯಾವ ಪುಣ್ಯ? ತಿರುಮಲ ತಿರುಪತಿ ದೇವಸ್ಥಾನದವರು 2021ರ ಸೆಪ್ಟೆಂಬರ್‌ನಲ್ಲಿ ಪೂಜೆಯ ಹೂವಿನಿಂದ ಅಗರಬತ್ತಿ ಮಾಡಿ, ಏಳು ಬೆಟ್ಟಗಳ ನೆನಪಿಗೆ ಏಳು ಬಗೆಯಾಗಿ ಮಾರಾಟಕ್ಕೆ ತಂದರು. ಒಳ್ಳೆಯ ಕೆಲಸ. ಆದರೆ ಮನೆಮನೆಯ ಹೂವಿಗೆ ಆ ವ್ಯವಸ್ಥೆ ಎಲ್ಲಿದೆ?

ಇಷ್ಟು ಹೇಳಿದ್ದು ಖರ್ಚಿನ, ಕಸದ ಮಾತು. ನನ್ನ ಮನಸ್ಸನ್ನು ಹೆಚ್ಚು ಕೊರೆಯುವುದು ಬೇರೆಯೇ ಇದೆ. ಹೂವಿನ ಋಣ ಯಾರ ಮೇಲೂ ಉಳಿಯುವುದಿಲ್ಲ ಎಂದರು ತಂಗಿ. ಅದು ಎಲ್ಲರಿಗೂ ಸಿಗುತ್ತದೆಯೇ? ಹಬ್ಬದ ದಿನ ಅರಿಶಿನ ಕುಂಕುಮದ ತಟ್ಟೆ ಹೊರಗೆ ಬಂದಾಗ ಮುತ್ತೈದೆಯರು ಮುಂದೆ ಬರುತ್ತಾರೆ. ಗಂಡ ಸತ್ತವಳು ತಾನಾಗಿಯೇ ಅಡುಗೆಮನೆಯ ಕಡೆ ಸರಿಯುತ್ತಾಳೆ. ಯಾರೂ ಹೋಗು ಎನ್ನಬೇಕಾಗಿಲ್ಲ, ಅಷ್ಟು ಪಳಗಿಸಿಬಿಟ್ಟಿದ್ದೇವೆ. ಪಾಠ ಹೇಳುವ ಕಾಲದಲ್ಲಿ, ಶಾಲೆಯ ಕಾರ್ಯಕ್ರಮಕ್ಕೆ ಬಂದ ತಾಯಂದಿರಿಗೆ ಮಕ್ಕಳು ಹೂವು ಕೊಡುವಾಗ, ಒಬ್ಬ ಹುಡುಗ ತನ್ನ ತಾಯಿಯ ಮುಂದೆ ತಟ್ಟೆ ಹಿಡಿದು ನಿಂತ. ಆಕೆ ಅವನ ಕೈಯನ್ನು ಮೆಲ್ಲಗೆ ಪಕ್ಕದವಳ ಕಡೆ ತಿರುಗಿಸಿದಳು. ಆ ತಾಯಿ ಹೂವು ಕಟ್ಟಿ ಮಗನನ್ನು ಓದಿಸುತ್ತಿದ್ದವಳು. ದಿನಾ ಊರಿಗೆಲ್ಲ ಹೂವು ಕಟ್ಟಿ ಕೊಡುವವಳಿಗೆ ತನ್ನ ಮಗನ ಕೈಯಿಂದ ಒಂದು ಎಸಳು ತೆಗೆದುಕೊಳ್ಳುವ ಹಕ್ಕಿಲ್ಲ.

ಇದನ್ನು ಮುರಿದವರಿದ್ದಾರೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ವಿಧವೆಯರನ್ನೇ ಅರ್ಚಕರಾಗಿ ನೇಮಿಸಿದರು. ಕರ್ನಾಟಕದ ಗಡಿಗೆ ಹತ್ತಿರದ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ಬೇಡವೆಂದು ಠರಾವು ಮಾಡಿತು. ನಮ್ಮ ಕಡೆ ಅಂಥ ಠರಾವು ಬರುವ ತನಕ ಹೂವು ಹಂಚುವುದು ನನ್ನ ಕಣ್ಣಿಗೆ ಸಂಭ್ರಮವಾಗಿ ಕಾಣುವುದಿಲ್ಲ. ಕೊಡಲೇಬೇಕಿದ್ದರೆ ಸಸಿ ಕೊಡಿ. ಯಾರ ಹಣೆ ನೋಡಿಯೂ ಕೊಡಬೇಕಾಗಿಲ್ಲ.

ಮರುಮಾತು: ಪರದವರಿಂದ

ಮೇಷ್ಟ್ರೇ, ನೀವು ಹೇಳಿದ ಆ ತಾಯಿಯಂಥವರು ನಮ್ಮ ಓಣಿಯಲ್ಲಿ ಮನೆಗೊಬ್ಬರಿದ್ದಾರೆ. ನಮ್ಮಲ್ಲಿ ಹೂವು ಕಟ್ಟುವ ಹಿರಿಯರೂ ಅಂಥವರೇ. ನೀವು ನೋವಿನಿಂದ ಹೇಳಿದ್ದು ನೂರಕ್ಕೆ ನೂರು ನಿಜ, ಅದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಆದರೆ ನೀವು ಅದಕ್ಕೆ ಹೇಳಿದ ಪರಿಹಾರ ಒಪ್ಪಲಾರೆ. ಹೂವು ಕೊಳ್ಳುವುದನ್ನು ಬಿಟ್ಟರೆ ಆ ತಾಯಿ ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ಅವಳ ದಿನದ ಕೂಲಿಯೊಂದು ಹೋಗುತ್ತದೆ ಅಷ್ಟೆ, ಮಗನ ಓದೂ ಅದರ ಹಿಂದೆಯೇ ಹೋಗುತ್ತದೆ. ತಟ್ಟೆ ಹಿಡಿದವರು ಅವಳ ಮುಂದೆ ನಿಂತು, ಅವಳು ಕೈ ತಿರುಗಿಸಿದರೂ ಅಲುಗದೆ ನಿಲ್ಲಬೇಕು. ಅದನ್ನು ಹುಡುಗನ ಮೇಲೆ ಬಿಡದೆ ದೊಡ್ಡವರು, ಅದರಲ್ಲೂ ಮುತ್ತೈದೆಯರು ಮಾಡಬೇಕು.

ಆಯದ ಮಾತು ಮಾತ್ರ ನನಗೆ ರುಚಿಸಲಿಲ್ಲ. ಕಾಳಿಗಾಗಿ ಸುಗ್ಗಿಯ ಕಣದ ಅಂಚಿನಲ್ಲಿ ಸೆರಗೊಡ್ಡಿ ನಿಂತವರಿಗೆ ಎಷ್ಟು ಕೊಡಬೇಕೆಂದು ಗೌಡರು ಹೇಳುತ್ತಿದ್ದರು. ಇವತ್ತು ಮೊಳಕ್ಕೆ ಇಷ್ಟು ಎಂದು ಬೆಲೆ ಹೇಳುವವಳು ಮಾರುವ ಹೆಣ್ಣುಮಗಳು. ಆ ಮರ್ಯಾದೆಯನ್ನು ನಾವು ಹಿಂದಕ್ಕೆ ಕೊಡುವುದಿಲ್ಲ.

ದಾರದ ವಿಷಯದಲ್ಲಿ ನೀವೇ ಸರಿ. ಹತ್ತಿಯ ಊರಿನಲ್ಲಿ ಕೂತು ನೈಲಾನಿನಲ್ಲಿ ಹೂವು ಕಟ್ಟುವುದು ನಮಗೂ ಸರಿಯಲ್ಲ. ಬಾಳೆನಾರಿಗೆ, ನೂಲಿಗೆ ಮರಳಿದರೆ ಮಾರಿಗೆ ಸ್ವಲ್ಪ ಬೆಲೆ ಏರುತ್ತದೆ. ಗಿರಾಕಿಗಳು ಅದನ್ನು ಚೌಕಾಶಿಯಿಲ್ಲದೆ ಕೊಡಲಿ. ಉರುಕುಂದದಲ್ಲಿ, ಕಾಲುವೆಯ ದಂಡೆಯಲ್ಲಿ ಶ್ರಾವಣದ ತಿಂಗಳು ಹೂವಿಗೆಂದೇ ಒಂದು ಗುಂಡಿ ತೋಡಿಸಿ, ದಾರ ಬೇರೆ, ಹೂವು ಬೇರೆ ಮಾಡಲು ಆಳು ಇಟ್ಟರೆ ಕಾರ್ತಿಕದ ಹೊತ್ತಿಗೆ ಗೊಬ್ಬರ ಸಿದ್ಧವಾಗುತ್ತದೆ. ಆ ಕೆಲಸಕ್ಕೂ ಹೆಣ್ಣಾಳುಗಳು ನಮ್ಮ ಓಣಿಯಲ್ಲೇ ಸಿಗುತ್ತಾರೆ, ಮೇಷ್ಟ್ರೇ. ನೀವು ಅರ್ಜಿ ಬರೆದುಕೊಡಿ, ಸಹಿ ಹಾಕಿಸುವ ಕೆಲಸ ನನ್ನದು.