ಶಾಸನದ ಬುಡದ ಬೋಕಿ

ಮಡಕಶಿರಾ ಸೀಮೆಯ ಹೇಮಾವತಿಗೆ ಹೋದ ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ನೊಳಂಬರ ಶಾಸನಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಅದು ಅವರ ರಾಜಧಾನಿಯಾಗಿದ್ದ ಹೆಂಜೇರು. ರಾಯದುರ್ಗದ ಬೆಟ್ಟ ಹತ್ತಿದವರು ಕೋಟೆಯ ಬಾಗಿಲುಗಳನ್ನು ಎಣಿಸುತ್ತಾರೆ. ಕಾಲಡಿಯ ಬೋಕಿಯನ್ನು ಮಾತ್ರ ಕುಂಟೆಬಿಲ್ಲೆ ಆಡುವ ಮಕ್ಕಳಲ್ಲದೆ ಬೇರಾರೂ ಲಕ್ಷಿಸುವುದಿಲ್ಲ. ಅಕ್ಷರವಿಲ್ಲದುದು ಆಕರವಲ್ಲವೆಂಬ ಈ ಎಣಿಕೆಯನ್ನು ಕನ್ನಡ ವಿಭಾಗಗಳು ಬಿಡಬೇಕು.

ನಿದರ್ಶನಕ್ಕೆ ದೂರ ಹೋಗಬೇಕಿಲ್ಲ. ಹಂಪಿಯ ಉತ್ಖನನಗಳಲ್ಲಿ ನಾಡ ಕುಂಬಾರರ ಮಡಕೆಗಳೊಡನೆ ಚೀನಾದ ಪಿಂಗಾಣಿಯ ಚೂರುಗಳೂ ದೊರೆತಿವೆ. ಚೀನೀಯರು ಕಡಲಾಚೆಗೆ ಕಳುಹಿಸಿದ ಪಾತ್ರೆಗಳಲ್ಲಿ ಸೆಲಡಾನ್ ಎಂಬ ಹಸಿರು ಮೆರುಗಿನದು ವಿಶಿಷ್ಟವಾದುದು. ಝೆಜಿಯಾಂಗ್ ಪ್ರಾಂತ್ಯದ ಲಾಂಗ್‌ಕ್ವಾನ್ ಅದರ ಹೆಸರಾಂತ ನೆಲೆ. ಆ ಹಸಿರು ಬಳಿದ ಬಣ್ಣವಲ್ಲ. ಮೆರುಗಿನ ದ್ರವದಲ್ಲಿ ಕಬ್ಬಿಣದ ಅಂಶ ನೂರಕ್ಕೆ ಒಂದೆರಡು ಪಾಲಿನಷ್ಟಿರುತ್ತದೆ. 1,200 ಡಿಗ್ರಿ ಸೆಲ್ಸಿಯಸ್ ದಾಟಿದ ಆವಿಗೆಯಲ್ಲಿ ಗಾಳಿಯನ್ನು ತಡೆದು ಸುಟ್ಟಾಗ ಅದು ಹಸಿರಾಗುತ್ತದೆ. ಗಾಳಿ ಹೆಚ್ಚು ಆಡಿತೋ, ಹಳದಿಗೋ ಕಂದಿಗೋ ತಿರುಗುತ್ತದೆ. ದಕ್ಷಿಣ ಸೋಂಗ್ ಕಾಲದ ಕುಶಲಿಗಳು ಮೆರುಗನ್ನು ಪದರ ಪದರವಾಗಿ ಹಚ್ಚಿ, ಮಣ್ಣಿಗೆ ಜೇಡ್ ಶಿಲೆಯ ಕಾಂತಿ ತಂದರು. ಇಂಥ ಪಾತ್ರೆಗಳು ಹಡಗೇರಿ ದಕ್ಷಿಣ ಭಾರತಕ್ಕೆ ಬಂದುದಕ್ಕೆ ತಮಿಳುನಾಡಿನ ಪೆರಿಯಪಟ್ಟಿನಂನಲ್ಲಿ ದೊರೆತ ಚೂರುಗಳು ಸಾಕ್ಷಿ. ಶಬ್ದಗಳ ಪಯಣವೂ ಸ್ವಾರಸ್ಯಕರ: ವಸ್ತು ಚೀನಾದ್ದು, ಕನ್ನಡದ ‘ಪಿಂಗಾಣಿ’ ಪಾರಸಿಯ ಪಿಂಗಾನ್‌ನಿಂದ ಬಂದದ್ದು.

ಪಠ್ಯ ಸಾಹಿತ್ಯದ್ದು, ಬೋಕಿ ಪುರಾತತ್ತ್ವದವರ ಪಾಲು ಎಂಬ ಆಕ್ಷೇಪ ಏಳಬಹುದು. ಹರಿಹರನ ‘ಕುಂಬಾರ ಗುಂಡಯ್ಯನ ರಗಳೆ’ಯನ್ನು ಓದುವ ತರಗತಿಗೆ ಮಡಕೆ ಪರಕೀಯವಾದೀತೆ? ಚೂರು ಚೀನಾದ್ದೇ ಆಗಬೇಕೆಂದೂ ಇಲ್ಲ. ಮನೆಮಾತು ಕನ್ನಡವಾಗಿ ಕಚೇರಿಯ ಕಾಗದ ತೆಲುಗಾಗಿರುವ ಈ ಗಡಿಯ ಊರುಗಳಲ್ಲಿ, ಶಾಸನ ಬರೆಸಲಾರದಿದ್ದವರ ಅಡುಗೆ, ಸಂತೆ, ಬದುಕುಗಳ ಗುರುತು ಬೋಕಿಯಲ್ಲೇ ಉಳಿದಿದೆ.

ಹಾಗೆಂದು ಕಂಡ ಚೂರನ್ನು ಜೇಬಿಗಿಳಿಸುವುದು ಇನ್ನೂ ದೊಡ್ಡ ಅಪಚಾರ. ಬಿದ್ದ ಜಾಗದಿಂದ ಕಿತ್ತ ಚೂರು ಅರ್ಧ ಮೂಕವಾಗುತ್ತದೆ. (ಹೊಳೆಯುವ ಹಸಿರೆಲ್ಲ ಸೆಲಡಾನ್ ಅಲ್ಲ, ನಿನ್ನೆ ಒಡೆದ ಬಚ್ಚಲಿನ ಟೈಲೂ ಹಸಿರೇ.) ಅದನ್ನು ಅಲ್ಲೇ ಬಿಟ್ಟು, ಚಿತ್ರ ತೆಗೆದು, ಜಾಗವನ್ನು ಬರೆದುಕೊಂಡು ಪುರಾತತ್ತ್ವ ಇಲಾಖೆಗೆ ತಿಳಿಸುವುದೇ ಯುಕ್ತ. ಮುಂದಿನ ಕ್ಷೇತ್ರಕಾರ್ಯಕ್ಕೆ ಹೊರಡುವಾಗ, ಶಾಸನದ ಪ್ರತಿ ತೆಗೆಯುವ ಕಾಗದದೊಡನೆ ವಿದ್ಯಾರ್ಥಿಗಳ ಸಂಚಿಯಲ್ಲಿ ಒಂದು ಅಳತೆಪಟ್ಟಿಯೂ ಇರಲಿ.