ತಂಡ ಬಿಡುವ ಮುನ್ನ

ಆಟದಲ್ಲಿ ಅವಕಾಶ ಸಿಗದ ವಿದ್ಯಾರ್ಥಿಯು ಒಂದು ಸೆಮಿಸ್ಟರ್ ಓದು ನಿಲ್ಲಿಸಿ ಬೇರೆ ಕಾಲೇಜು ಸೇರಬಯಸಿದರೆ ಅದನ್ನು ಹೇಡಿತನವೆಂದು ನಾವು ಹಳಿಯಲಾರೆವು. ಆದರೆ ಏನನ್ನು ಅರ್ಧಕ್ಕೆ ಬಿಟ್ಟು ಹೊರಡುತ್ತಿದ್ದಾನೆ ಎಂಬುದನ್ನು ಕೇಳಲೇಬೇಕು.

ಅಮೆರಿಕನ್ ಫುಟ್ಬಾಲ್ ಆಟಗಾರ ಜೇಲನ್ ಹರ್ಟ್ಸ್‌ನನ್ನು ಅಲಬಾಮಾ ತಂಡವು 2018ರ ಜನವರಿಯ ರಾಷ್ಟ್ರೀಯ ಅಂತಿಮ ಪಂದ್ಯದ ನಡುವೆಯೇ ಹೊರಗೆ ಕೂರಿಸಿ ಕಿರಿಯನೊಬ್ಬನನ್ನು ಇಳಿಸಿತು, ತಂಡ ಗೆದ್ದಿತು. ಇಪ್ಪತ್ತೂ ತುಂಬದ ಹುಡುಗನಿಗೆ ಇದು ಸಣ್ಣ ಪೆಟ್ಟಲ್ಲ. ಆದರೂ ಆತನು ಗಂಟುಮೂಟೆ ಕಟ್ಟಲಿಲ್ಲ. ವರ್ಷವಿಡೀ ಬದಲಿ ಆಟಗಾರನಾಗಿದ್ದು, ಡಿಸೆಂಬರಿನಲ್ಲಿ ಪದವಿ ಪಡೆದು, 2019ರಲ್ಲಿ ಓಕ್ಲಹೋಮಾ ಸೇರಿದನು. ಪದವೀಧರನಾದ್ದರಿಂದ, ವರ್ಗಾವಣೆಯಾದವರು ಒಂದು ವರ್ಷ ಆಡಬಾರದೆಂಬ ಅಂದಿನ ನಿಯಮ ಆತನಿಗೆ ತಗುಲಲಿಲ್ಲ.

ಆ ನಿಯಮವು 2021ರಲ್ಲಿ ಮೊದಲ ವರ್ಗಾವಣೆಗೆ ಸಡಿಲವಾಯಿತು. 2024ರಲ್ಲಿ, ಓದಿನಲ್ಲಿ ಹಿಂದೆ ಬೀಳದವರಿಗೆ, ಎಷ್ಟು ಸಲವಾದರೂ ಸರಿ ಎಂದಾಯಿತು. ಬಾಗಿಲು ತೆರೆದಿದೆ, ಅವಸರವೂ ಹೆಚ್ಚಿದೆ.

ಗಾಯವೋ ಮನಸ್ಸಿನ ಬಳಲಿಕೆಯೋ ಇದ್ದರೆ ಮಾತು ಬೇರೆ. ಅಲ್ಲಿ ವಿಶ್ರಾಂತಿಯೇ ಔಷಧಿ. ಬರಿಯ ಮುನಿಸಿಗಾಗಿ ಸೆಮಿಸ್ಟರನ್ನು ಬಲಿಕೊಟ್ಟರೆ ವಿದ್ಯಾರ್ಥಿವೇತನ ಕೈತಪ್ಪಬಹುದು. ಹಳೆಯ ಪಾಠಗಳನ್ನೆಲ್ಲ ಹೊಸ ಕಾಲೇಜು ಮಾನ್ಯ ಮಾಡಲೇಬೇಕೆಂದೂ ಇಲ್ಲ. ತಂದೆತಾಯಿಗಳು ತರಬೇತುದಾರನನ್ನು ದೂರುವ ಮೊದಲು, ಪದವಿಗೆ ಇನ್ನೆಷ್ಟು ಪಾಠ ಬಾಕಿ ಎಂದು ಮಗನೊಡನೆ ಕುಳಿತು ಎಣಿಸಲಿ.