ಅಜ್ಜಿಯ ಪೆಟ್ಟಿಗೆಯ ದಸ್ತಾವೇಜು, ಮೊಮ್ಮಗಳ ಕೈಯ ಫೋನು

ಹಿರಿಯರನ್ನು ಶಾಲೆಗೆ ಕರೆತರುವ ಕಾರ್ಯಕ್ರಮಗಳು ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳಲ್ಲಿ ಈಗ ಸಾಮಾನ್ಯವಾಗಿವೆ. ಶಾಲು ಹೊದಿಸುತ್ತೇವೆ, ಹಣ್ಣುಹಂಪಲು ಕೊಡುತ್ತೇವೆ, ಸಾಲಾಗಿ ಕುಳ್ಳಿರಿಸಿ ಛಾಯಾಚಿತ್ರ ತೆಗೆಯುತ್ತೇವೆ. ಮರುದಿನ ಪತ್ರಿಕೆಯಲ್ಲಿ ವರದಿ ಬರುತ್ತದೆ. ಮಕ್ಕಳಿಗೂ ಹಿರಿಯರಿಗೂ ನಡುವೆ ಅಂದು ನಡೆದ ಮಾತುಕತೆ ಎಷ್ಟು ಎಂದು ಕೇಳಿದರೆ ಉತ್ತರಿಸುವುದು ಕಷ್ಟ.

ಅಂತಹ ಒಂದು ಸಭೆಯಲ್ಲಿ ನಾವೇ ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಎಂಬತ್ತರ ಸಮೀಪದ ಅಜ್ಜಿಯೊಬ್ಬರು ತಮ್ಮ ಬಾಲ್ಯದ ಗದ್ದೆ ಬೇಸಾಯವನ್ನು ತುಳುವಿನಲ್ಲಿ ಸೊಗಸಾಗಿ ವರ್ಣಿಸುತ್ತಿದ್ದರು. ಮಕ್ಕಳು ಬಾಯಿಬಿಟ್ಟು ಕೇಳುತ್ತಿದ್ದರು. "ಅಜ್ಜಿ, ಇದು ಕನ್ನಡ ಶಾಲೆ, ಸ್ವಲ್ಪ ಕನ್ನಡದಲ್ಲಿ ಹೇಳಿ" ಎಂದು ನಿರೂಪಕರು ವಿನಯದಿಂದಲೇ ಸೂಚಿಸಿದರು. ಅಜ್ಜಿ ಎರಡು ವಾಕ್ಯಗಳನ್ನು ತಡವರಿಸಿ ಹೇಳಿ ಕುಳಿತುಬಿಟ್ಟರು. ಅವರ ಕಥೆ ಅಲ್ಲಿಗೆ ನಿಂತಿತು.

ಈ ಘಟನೆಯೊಳಗೆ ನಮ್ಮ ಜಿಲ್ಲೆಯ ಕನ್ನಡದ ಸ್ಥಿತಿಯೇ ಅಡಗಿದೆ. ನಮ್ಮಲ್ಲಿ ಅನೇಕ ಕುಟುಂಬಗಳ ಮನೆಮಾತು ತುಳು, ಕೊಂಕಣಿ, ಮರಾಠಿ ಅಥವಾ ಬ್ಯಾರಿ. ಕನ್ನಡವು ಅವರಿಗೆ ಅಕ್ಷರದ ಭಾಷೆ. ಶಾಲೆ, ಪತ್ರಿಕೆ, ಯಕ್ಷಗಾನ, ದೇವಸ್ಥಾನದ ಆಮಂತ್ರಣ ಪತ್ರಿಕೆಗಳ ಮೂಲಕ ಮನೆಯೊಳಗೆ ಬಂದ ಭಾಷೆ. ಮನೆಮಾತಾಗಿರುವ ಭಾಷೆ ಶಾಲೆಯಲ್ಲಿ ಸೋತರೂ ಅಡುಗೆಮನೆಯಲ್ಲಿ ಉಳಿಯಬಲ್ಲದು. ಅಕ್ಷರದ ಮೂಲಕ ಬಂದ ಭಾಷೆಗೆ ಆ ಆಸರೆಯಿಲ್ಲ. ಒಂದು ತಲೆಮಾರು ಕನ್ನಡ ಶಾಲೆಯಿಂದ ಹೊರನಡೆದರೆ ಮುಂದಿನ ತಲೆಮಾರಿಗೆ ಅದನ್ನು ಮರಳಿಸಿಕೊಡುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಅಜ್ಜ-ಮೊಮ್ಮಕ್ಕಳ ಸಂಬಂಧವು ಇಲ್ಲಿ ಕೇವಲ ಭಾವನೆಯ ವಿಷಯವಲ್ಲ.

ಅದು ಆಸ್ತಿಯ ವಿಷಯವೂ ಹೌದು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆ ಕಾಲದ ಕ್ರಯಪತ್ರ, ಮೂಲಗೇಣಿ ಚೀಟು, ಪಾಲುಪಟ್ಟಿಗಳು ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಕನ್ನಡದ ಕೈಬರಹದಲ್ಲಿ ಇಂದಿಗೂ ಇವೆ. ಕೇರಳದಲ್ಲಿ 2022ರ ನವೆಂಬರ್‌ನಲ್ಲಿ ಆರಂಭವಾದ ಡಿಜಿಟಲ್ ಮರುಸರ್ವೆಯಲ್ಲಿ ಭೂಮಾಲೀಕರು ಗಡಿ ತೋರಿಸಬೇಕು, ಕರಡು ದಾಖಲೆಯನ್ನು ಪರಿಶೀಲಿಸಬೇಕು, ತಪ್ಪಿದ್ದರೆ ಆಕ್ಷೇಪ ಸಲ್ಲಿಸಬೇಕು. ಹಳೆಯ ದಸ್ತಾವೇಜನ್ನು ಓದಬಲ್ಲ ಅಜ್ಜನಿಗೆ ಮಲಯಾಳದ ನೋಟೀಸು ಓದಲು ಬಾರದು. ಆಂಗ್ಲ ಮಾಧ್ಯಮದ ಮೊಮ್ಮಗ ಪೋರ್ಟಲನ್ನು ತೆರೆಯಬಲ್ಲ; ಆದರೆ ಅಜ್ಜನ ಕಾಗದದ ಒಂದು ಸಾಲೂ ಅವನಿಗೆ ಅರ್ಥವಾಗದು. ಕನ್ನಡ ಮಾಧ್ಯಮದಲ್ಲಿ ಓದುತ್ತಾ ಮಲಯಾಳವನ್ನೂ ಕಲಿತ ಮಗುವೊಂದೇ ಈ ಎರಡನ್ನೂ ಜೋಡಿಸಬಲ್ಲದು. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿ ಏನು ಪ್ರಯೋಜನ ಎಂದು ಕೇಳುವ ನೆಂಟರಿಗೆ ರಕ್ಷಕರು ಈ ಉದಾಹರಣೆಯನ್ನು ಕೊಡಬಹುದು.

ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಾಗ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ತೋರಿಸಿದೆ. 2025ರ ಆಗಸ್ಟ್‌ನಲ್ಲಿ ಕೇರಳವು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲ್ಪಟ್ಟಿತು. ಸ್ವಯಂಸೇವಕರು ಮನೆಮನೆಗೆ ಹೋಗಿ 21 ಲಕ್ಷಕ್ಕೂ ಹೆಚ್ಚು ಜನರಿಗೆ ಫೋನ್ ಬಳಕೆಯನ್ನು ಕಲಿಸಿದರು. ಕಲಿತವರಲ್ಲಿ ನೂರು ದಾಟಿದವರೂ ಇದ್ದರು. ಘೋಷಣೆಗಳ ಬಗ್ಗೆ ನಮಗೆ ಸ್ವಲ್ಪ ಅನುಮಾನ ಯಾವಾಗಲೂ ಇದ್ದೇ ಇರುತ್ತದೆ. ಆದರೂ ಕಲಿಸುವವರು ಮನೆಗೇ ಹೋದದ್ದು ಆ ಯೋಜನೆಯ ಬಲ ಎಂಬುದನ್ನು ಒಪ್ಪಲೇಬೇಕು. ಹಿರಿಯರನ್ನು ವೇದಿಕೆಗೆ ಕರೆಯುವ ಬದಲು ಮಕ್ಕಳು ಅವರ ಜಗಲಿಗೆ ಹೋಗಲಿ. ಪಿಂಚಣಿಯ ಮಸ್ಟರಿಂಗ್ ಸಂದೇಶವನ್ನೋ, ವಿದ್ಯುತ್ ಬಿಲ್ಲನ್ನೋ ಓದಿ ಹೇಳಲಿ, ವಿಡಿಯೋ ಕರೆ ಮಾಡುವುದನ್ನು ಕಲಿಸಲಿ. ಬದಲಿಗೆ ಒಂದು ಕಾಗದವನ್ನು, ಒಂದು ಕೆಲಸವನ್ನು, ಹತ್ತು ಪದಗಳನ್ನು ಕಲಿತು ಬರಲಿ.

ಕಲಿಯುವುದಕ್ಕೆ ಇಲ್ಲಿ ಬಹಳವಿದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ಹರಿಸುವ ಸುರಂಗಗಳು ಬಾಯಾರು, ಬದಿಯಡ್ಕ ಪರಿಸರದ ಹೆಮ್ಮೆ. ಅವನ್ನು ಅಗೆಯಬಲ್ಲ ಕೈಗಳು ಬೆರಳೆಣಿಕೆಗೆ ಇಳಿದಿವೆ. ಒಳಗೆ ಎಷ್ಟು ಕೋಲು ಹೋಗಬಹುದು, ದೀಪ ಮಂಕಾದರೆ ಯಾಕೆ ಹೊರಗೆ ಬರಬೇಕು ಎಂಬುದು ಯಾವ ಪಠ್ಯಪುಸ್ತಕದ ವಿಜ್ಞಾನಕ್ಕೂ ಕಡಿಮೆಯಾದ ಪಾಠವಲ್ಲ. ಏತಡ್ಕದಲ್ಲಿ ಕೃಷಿಕರು ವರ್ಷವೂ ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟುತ್ತಾರೆ. ಕಲ್ಲು, ಮಣ್ಣು ಹೊರುವ ಆ ದಿನಗಳಿಗೆ ಮಕ್ಕಳು ಹೋದರೆ ಅಜ್ಜಂದಿರು ಹೇಳಬೇಕಾಗಿಲ್ಲ, ಮಾಡಿ ತೋರಿಸಿದರೆ ಸಾಕು. ಭಾಷೆ ಯಾವುದೆಂಬ ಪ್ರಶ್ನೆಯೂ ಅಲ್ಲಿ ಏಳದು: ಅಜ್ಜ ತುಳುವಿನಲ್ಲಿ ಹೇಳಲಿ, ಮಗು ಕನ್ನಡದಲ್ಲಿ ಬರೆಯಲಿ. ಆ ಸಭೆಯ ಬಳಿಕ ನಾವು ಅನುಸರಿಸಿದ ಕ್ರಮ ಇದು. ನಾಲ್ಕನೇ ತರಗತಿಯ ಮಕ್ಕಳ ಕನ್ನಡ ಬರವಣಿಗೆ ಸುಧಾರಿಸಿದ್ದು ಇದರಿಂದಲೇ, ನಮ್ಮ ಪಾಠದಿಂದಲ್ಲ.

ಯಕ್ಷಗಾನದ ವಿಷಯದಲ್ಲಿ ನಮ್ಮ ನಡೆ ವಿಚಿತ್ರವಾಗಿದೆ. ಕೇರಳ ಶಾಲಾ ಕಲೋತ್ಸವದಲ್ಲಿ ಅದಕ್ಕೆ ಸ್ಪರ್ಧೆಯಿದೆ. ಪಾರ್ತಿಸುಬ್ಬನ ಕುಂಬಳೆಯ ನಾಡಿನಲ್ಲಿ ಹಳೆಯ ಹವ್ಯಾಸಿ ಕಲಾವಿದರು, ಅರ್ಥಧಾರಿಗಳು ಊರೂರಿನಲ್ಲಿದ್ದಾರೆ. ಆದರೆ ಕೆಲವು ಶಾಲೆಗಳು ಬಹುಮಾನಕ್ಕಾಗಿ ಹಣ ತೆತ್ತು ಹೊರಗಿನ ತರಬೇತುದಾರರನ್ನು ಕರೆಸುತ್ತವೆ. ಸ್ಪರ್ಧೆ ಮುಗಿದ ಮರುದಿನ ವೇಷಭೂಷಣದೊಂದಿಗೆ ಕಲಿಕೆಯೂ ಮರಳಿಹೋಗುತ್ತದೆ. ತಿಂಗಳಿಗೊಂದು ಸಂಜೆ ಊರಿನ ಅರ್ಥಧಾರಿಯ ಎದುರು ತಾಳಮದ್ದಳೆಗೆ ಕುಳಿತರೆ, ಮನೆಯಲ್ಲಿ ತುಳು ಮಾತನಾಡುವ ಹುಡುಗನೂ ನಿರರ್ಗಳವಾದ ಕನ್ನಡವನ್ನು ನಾಲಗೆಯ ಮೇಲೆ ಪಡೆಯುತ್ತಾನೆ. ಬಹುಮಾನ ಬಾರದಿರಬಹುದು.

ಹುದ್ದೆಗಳಿಗೆ ಕತ್ತರಿ ಬೀಳುತ್ತಿರುವಾಗ, ಕನ್ನಡ ಅರಿಯದ ಶಿಕ್ಷಕರು ಕನ್ನಡ ತರಗತಿಗೆ ನೇಮಕವಾಗುತ್ತಿರುವಾಗ ಅಜ್ಜಿಕಥೆಗಳಿಂದ ಏನಾದೀತು ಎಂಬ ಆಕ್ಷೇಪ ನಮ್ಮ ಹೋರಾಟದ ಗೆಳೆಯರಲ್ಲೇ ಇದೆ. ಆಕ್ಷೇಪದಲ್ಲಿ ಸತ್ಯವಿದೆ. 2017ರಲ್ಲಿ ಮಲಯಾಳ ಕಡ್ಡಾಯ ಕಾನೂನು ಬಂದಾಗ ನಾವು ಬೀದಿಗಿಳಿಯಲೇಬೇಕಾಯಿತು. ಸಂವಿಧಾನದ 350ಎ ವಿಧಿಯನ್ನು ಕಚೇರಿಗಳ ಮುಂದೆ ನೆನಪಿಸುವ ಕೆಲಸ ಇನ್ನೂ ಮುಗಿದಿಲ್ಲ. ಆದರೆ ಶಾಲಾರಂಭದ ಆರನೇ ಕೆಲಸದ ದಿನ ಎಣಿಕೆಯಾಗುವುದು ಮಕ್ಕಳ ತಲೆ. ಹುದ್ದೆ ಉಳಿಯುವುದೂ ಅಳಿಯುವುದೂ ಆ ಎಣಿಕೆಯ ಮೇಲೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂಬ ಮಾತು ಮನೆಯಲ್ಲಿ ಎದ್ದಾಗ ಅಜ್ಜ-ಅಜ್ಜಿಯರು ಸುಮ್ಮನೆ ಕುಳಿತಿರುತ್ತಾರೆ. ತಮಗೆ ಗೊತ್ತಿರುವುದಕ್ಕೆ ಬೆಲೆಯಿಲ್ಲವೆಂದು ಅವರು ನಂಬಿಬಿಟ್ಟಿದ್ದಾರೆ. ವಾರಕ್ಕೊಮ್ಮೆ ಮಕ್ಕಳ ಗುಂಪೊಂದು ನೋಟುಪುಸ್ತಕ ಹಿಡಿದು ತಮ್ಮನ್ನು ಹುಡುಕಿಕೊಂಡು ಬರುವುದನ್ನು ಕಂಡ ಅಜ್ಜಿ ಹಾಗೆ ಸುಮ್ಮನಿರಲಾರರು.

ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಾವು ಇಡಲಿರುವ ಪ್ರಸ್ತಾಪ ಸಣ್ಣದು. ಶಾಲಿನ ಖರ್ಚನ್ನು ಈ ವರ್ಷ ನಿಲ್ಲಿಸಿ ಆ ಹಣದಲ್ಲಿ ಇನ್ನೂರು ಪುಟದ ನೋಟುಪುಸ್ತಕಗಳನ್ನು ಕೊಳ್ಳುವುದು. ಮನೆಯಲ್ಲಿ ಹಳೆಯ ಕನ್ನಡ ದಸ್ತಾವೇಜು ಇರುವವರು ಮೂಲಪ್ರತಿಯನ್ನು ಕೊಡಬೇಕಾಗಿಲ್ಲ, ನಕಲು ತಂದರೆ ಸಾಕು. ಓದಿ ಹೇಳಬಲ್ಲ ಹಿರಿಯರು ಜೊತೆಗೆ ಬರಲಿ, ಯಾವ ಭಾಷೆಯಲ್ಲಿ ಬೇಕಾದರೂ ಮಾತನಾಡಲಿ.